ಎಲಿಜಬೇತಮ್ಮನ ಮನೆಯ ಬಾಗಿಲು
(ಮಾತೆ ಮರಿಯಮ್ಮನವರ ಸಂದರ್ಶನದ ಹಬ್ಬ, ಮೇ 31. ಮೆಹಕರದಲ್ಲಿ ನೀಡಿದ ಪ್ರಬೋಧನೆ)



ವಯಸ್ಸಾದ ಬಸುರಿ ಬಂಧುವಿನ ಸೇವೆಗಾಗಿ ಮಾತೆ ಮರಿಯಮ್ಮನವರು ಬೆಟ್ಟದ ಸೀಮೆಗೆ ಅವಸರದಿಂದ ಹೊರಟರು, ಸುಮಾರು ಮೂರು ತಿಂಗಳು ಅಲ್ಲಿದ್ದರು ಎಂದು ಸಂತ ಲೂಕರು ತಿಳಿಸುತ್ತಾರೆ. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ಮೇ 12 ದಾದಿಯರ ದಿನ. ಅದೇ ತಿಂಗಳ ಕೊನೆಗೆ ಈ ಹಬ್ಬ. ನರ್ಸಿಂಗ್ ಓದಿ ಮೊದಲ ಕೆಲಸ ಹುಡುಕುತ್ತಿರುವ ನಮ್ಮ ಮಕ್ಕಳನ್ನು ಇಂದು ನೆನೆಯೋಣ.

ತೊಗರಿ ಮಾರಿದ ಹಣ, ಸಂಘದ ಸಾಲ, ಅವ್ವನ ಬಂಗಾರ ಎಲ್ಲವನ್ನೂ ಕೂಡಿಸಿ ನಾವು ಮಗಳನ್ನು ಮೂರು ವರ್ಷ ಜಿಎನ್‌ಎಂ ಇಲ್ಲವೇ ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿಸುತ್ತೇವೆ. ಅವಳು ಭಾಲ್ಕಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋದರೂ, ಈ ಕಡೆ ಉದಗೀರ, ಲಾತೂರಿಗೆ ಹೋದರೂ ಕೇಳುವುದು ಒಂದೇ ಪ್ರಶ್ನೆ: ‘ಅನುಭವ ಎಷ್ಟು?’ ಯಾರೂ ಕೆಲಸವನ್ನೇ ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು? ಮನೆಗೆ ಮರಳಿದರೆ ಮದುವೆ ಮನೆಯಲ್ಲಿ, ಗುಡಿಯ ಅಂಗಳದಲ್ಲಿ ನಾವೇ ಕೇಳುತ್ತೇವೆ: ‘ಇನ್ನೂ ಕೆಲಸ ಸಿಗಲಿಲ್ಲವೇ?’ ಆ ಮಾತಿಗೆ ಅಂಜಿ ಅವಳು ಯಾವ ಕರಾರಿಗಾದರೂ ಸಹಿ ಹಾಕುತ್ತಾಳೆ.

ನಮಗೆ ಗೊತ್ತಿರುವ ಒಬ್ಬ ಮಗಳು ಹೀಗೆಯೇ ಒಂದು ಆಸ್ಪತ್ರೆಗೆ ಸೇರಿದಳು. ಅವರು ಅವಳ ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಂಡರು. ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಯ ದಿನ ಬಂದಾಗ ಅವಳ ಕೈ ಬರಿದಾಗಿತ್ತು. ಅವಳೊಡನೆ ಹೋಗಿ ಕೇಳಲು ನಮ್ಮಲ್ಲಿ ಯಾರೂ ಇರಲಿಲ್ಲ. ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. ಓದು ಮುಗಿದ ಕೂಡಲೇ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿಯಾಗಬೇಕು. ಗಡಿಯಾಚೆ ಕೆಲಸಕ್ಕೆ ಸೇರುವಾಗ ಅಲ್ಲಿನ ಕೌನ್ಸಿಲಿನ ನೋಂದಣಿಯನ್ನೂ ಕೇಳುತ್ತಾರೆ. 371ಜೆ ವಿಧಿಯಡಿ 2013ರ ಆದೇಶದಂತೆ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ. 80ರಷ್ಟು ಸ್ಥಳೀಯರಿಗೆ ಮೀಸಲು. ಅದರ ಅರ್ಹತಾ ಪ್ರಮಾಣಪತ್ರವನ್ನು ಅರ್ಜಿ ಕರೆಯುವ ಮೊದಲೇ ಮಾಡಿಸಿಡೋಣ. ಏಮ್ಸ್ ಆಸ್ಪತ್ರೆಗಳ ಶುಶ್ರೂಷಾಧಿಕಾರಿ ಹುದ್ದೆಗಳಿಗೆ 2020ರಿಂದ ‘ನಾರ್ಸೆಟ್’ ಎಂಬ ಒಂದೇ ಪರೀಕ್ಷೆ ನಡೆಯುತ್ತಿದೆ. ಖಾಸಗಿ ಆಸ್ಪತ್ರೆಗಳ ಸಂಬಳದ ಬಗ್ಗೆ ಸುಪ್ರೀಂ ಕೋರ್ಟಿನ ಸೂಚನೆಯಂತೆ ರಚನೆಯಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದೆಂದು 2016ರಲ್ಲಿ ಶಿಫಾರಸು ಮಾಡಿತು. ಕೈಗೆ ಬರುವುದು ಅದಕ್ಕಿಂತ ಕಡಿಮೆಯಿದ್ದರೆ, ಅದು ಮಗಳ ಯೋಗ್ಯತೆಯ ಅಳತೆಯಲ್ಲ.

ಕೊಲ್ಲಿ ದೇಶಕ್ಕೆ ಕಳುಹಿಸುತ್ತೇವೆಂದು ಏಜೆಂಟರು ಬಂದರೆ ಹೊಲ ಮಾರುವ ಮೊದಲು ನಿಲ್ಲೋಣ. ಅಲ್ಲಿಗೆ ಹೋಗುವ ನರ್ಸುಗಳಿಗೆ 2015ರಿಂದ ಸರ್ಕಾರದ ವಲಸೆ ಅನುಮತಿ ಕಡ್ಡಾಯವಾಗಿದೆ. ‘ಇ-ಮೈಗ್ರೇಟ್’ ವ್ಯವಸ್ಥೆಯಲ್ಲಿ ಏಜೆಂಟರ ಹೆಸರಿದೆಯೇ ಎಂದು ಓದುಬಲ್ಲ ಒಬ್ಬರಿಂದ ನೋಡಿಸೋಣ.

ಪ್ರಿಯರೇ, ಮರಿಯಮ್ಮನವರು ಹೊರಟದ್ದನ್ನು ನಾವು ಪ್ರತಿವರ್ಷ ಕೊಂಡಾಡುತ್ತೇವೆ. ಬಾಗಿಲು ತೆರೆದ ಎಲಿಜಬೇತಮ್ಮನವರನ್ನು ಮರೆಯುತ್ತೇವೆ. ಬಂದ ಹುಡುಗಿಯನ್ನು ಅವರು ಅನುಭವ ಎಷ್ಟೆಂದು ಕೇಳಲಿಲ್ಲ. ಅವಳ ದನಿ ಕೇಳಿಯೇ ಹರ್ಷಗೊಂಡರು. ಬೀದರಿನಲ್ಲೋ ಹೈದರಾಬಾದಿನಲ್ಲೋ ವರ್ಷಗಳಿಂದ ನರ್ಸಾಗಿರುವ ನಮ್ಮ ಅಕ್ಕಂದಿರೇ, ಇಂದು ನೀವೇ ಎಲಿಜಬೇತಮ್ಮ. ಹೊಸಬಳಿಗೆ ಒಂದು ವಾರ ಮನೆಯಲ್ಲಿ ಜಾಗ ಕೊಡಿ, ಎಲ್ಲಿ ಕೆಲಸ ಖಾಲಿಯಿದೆ ಎಂದು ಹೇಳಿ, ಕರಾರಿನ ಕಾಗದವನ್ನು ಅವಳೊಡನೆ ಕುಳಿತು ಓದಿ. ಉಳಿದ ನಾವು ‘ಇನ್ನೂ ಸಿಗಲಿಲ್ಲವೇ’ ಎನ್ನುವುದನ್ನು ಬಿಟ್ಟು, ‘ನಾಳೆ ನಿನ್ನ ಜೊತೆ ಯಾರು ಬರಬೇಕು, ಮಗಳೇ?’ ಎಂದು ಕೇಳೋಣ.

ರೋಗಿಯ ತಲೆದಿಂಬನ್ನು ಸರಿಪಡಿಸಲು ಕಲಿತ ಆ ಕೈಗಳು ಖಾಲಿ ಕೂರದಿರಲಿ. ಸೇವೆಗೆ ಹೊರಟ ನಮ್ಮ ಮಕ್ಕಳ ದಾರಿಯಲ್ಲಿ ಮಾತೆ ಮರಿಯಮ್ಮನವರು ಜೊತೆಗಿರಲಿ. ಆಮೆನ್.