ಗಂಟಲ ಕ್ಯಾನ್ಸರ್, ವೈರಸ್ ಮತ್ತು ನಮ್ಮ ನಡವಳಿಕೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಹಾಲಿನ ಸಂಘದ ಬೆಳ್ಳಿಹಬ್ಬದಲ್ಲಿ ಫ್ಯಾಟು, ಡಿಗ್ರಿ, ಬಟವಾಡೆ ವಿಚಾರ ಬಿಟ್ಟು ಕಾಯಿಲೆ ವಿಚಾರ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನಾವು ಡಾಕ್ಟರಲ್ಲ, ಎಸ್ಸೆಸ್ಸೆಲ್ಸಿವರೆಗೆ ಓದಿದ ರೈತರು. ಆದರೆ ನಮ್ಮ ಡೈರಿಯಲ್ಲೇ ನಡೆದ ಒಂದು ಸಂಗತಿ ನಮ್ಮನ್ನು ಈ ವಿಷಯ ತಿಳಿದುಕೊಳ್ಳುವ ಹಾಗೆ ಮಾಡಿತು. ಆ ಸದಸ್ಯರು ಈ ಸಭೆಯಲ್ಲೇ ಕೂತಿದ್ದಾರೆ. "ಹೆಸರು ಬೇಡ, ನಡೆದದ್ದು ಹೇಳಿ" ಎಂದು ಒಪ್ಪಿಗೆ ಕೊಟ್ಟಿದ್ದಾರೆ.

ಮೂರು ವರ್ಷದ ಹಿಂದೆ ಅವರ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿತು. ನೋವಿಲ್ಲ, ಜ್ವರವಿಲ್ಲ. ಎರಡು ತಿಂಗಳು ಪಟ್ಟು ಹಾಕಿಸಿದರು. ಕಡೆಗೆ ಬೆಂಗಳೂರಿಗೆ ಹೋದಾಗ ಟಾನ್ಸಿಲ್ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿಯಿತು. ಬೀಡಿ ಇಲ್ಲ, ಹೊಗೆಸೊಪ್ಪು ಇಲ್ಲ, ಎಲೆಯಡಿಕೆಯೂ ಹಬ್ಬಕ್ಕೆ ಮಾತ್ರ. ಇದಕ್ಕೆ ಕಾರಣ ಒಂದು ವೈರಸ್ ಎಂದು ಅಲ್ಲಿನ ಡಾಕ್ಟರು ಹೇಳಿದರು.

"ವೈರಸ್" ಅನ್ನೋ ಮಾತು ಊರಿಗೆ ಬಂದದ್ದೇ ತಡ, ಹೋಟೆಲಿನಲ್ಲಿ ಅವರಿಗೆ ಬೇರೆ ಲೋಟ ಇಟ್ಟರು. ಇಬ್ಬರು ಸದಸ್ಯರು ಬಂದು, ಅವರ ಮನೆ ಹಾಲನ್ನು ಎಲ್ಲರ ಹಾಲಿನ ಕ್ಯಾನಿಗೆ ಸುರಿಯಬೇಡಿ ಎಂದರು. ಆಡಳಿತ ಮಂಡಳಿಯಲ್ಲಿದ್ದ ನಾವು "ತಪ್ಪು" ಅಂತ ಬಾಯಿಬಿಟ್ಟು ಹೇಳಲಿಲ್ಲ. ನಮಗೂ ಒಳಗೊಳಗೇ ಭಯ. ನಾಲ್ಕನೇ ದಿನ ಅವರ ಸೊಸೆ ಕ್ಯಾನು ಹೊತ್ತು ಪಕ್ಕದೂರಿನ ಡೈರಿಗೆ ನಡೆದುಹೋದಳು. ಆಗ ನಮಗೆ ನಾಚಿಕೆಯಾಯಿತು. ತಾಲ್ಲೂಕು ಆಸ್ಪತ್ರೆಗೆ ಹೋಗಿ ಡಾಕ್ಟರ ಹತ್ತಿರ ಕೂತು ಕೇಳಿದೆವು. ಅಲ್ಲಿ ಕೇಳಿದ್ದು, ಆಮೇಲೆ ಓದಿ ತಿಳಿದದ್ದು, ಎರಡನ್ನೂ ನಿಮ್ಮ ಮುಂದೆ ಇಡುತ್ತೇವೆ.

ಈ ವೈರಸ್ಸಿನ ಹೆಸರು ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್.ಪಿ.ವಿ. ಕೈಕಾಲಿನಲ್ಲಿ ನರಹುಲಿ ಏಳುತ್ತದಲ್ಲ, ಅದೂ ಇದೇ ಕುಲದ್ದು. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಹೆಚ್ಚಿನವು ನಿರುಪದ್ರವಿ. ಒಂದು ಹನ್ನೆರಡು ಬಗೆ ಮಾತ್ರ ಕ್ಯಾನ್ಸರಿಗೆ ದಾರಿ ಮಾಡುವಂಥವು. ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಮತ್ತು ಅವರ ಜೊತೆಯವರು ಹೆಂಗಸರ ಗರ್ಭಕೋಶದ ಕಂಠದ ಕ್ಯಾನ್ಸರಿನಲ್ಲಿ 1983ರಲ್ಲಿ 16ನೇ ಬಗೆಯನ್ನು ಕಂಡುಹಿಡಿದರು. ಅದಕ್ಕಾಗಿ 2008ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಗಂಟಲಿನಲ್ಲಿ ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಕ್ಯಾನ್ಸರಿಗೆ ಕಾರಣವಾಗುವುದೂ ಮುಖ್ಯವಾಗಿ ಈ 16ನೇ ಬಗೆಯೇ.

ಇದು ಹೇಗೆ ಕೆಲಸ ಮಾಡುತ್ತದೆ? ನಮ್ಮ ಮೈಯ ಜೀವಕೋಶ ಎಷ್ಟು ಬೇಕೋ ಅಷ್ಟೇ ಬೆಳೆದು ನಿಲ್ಲಲಿ ಅಂತ ಅದರೊಳಗೆ ಟ್ರ್ಯಾಕ್ಟರಿಗೆ ಇದ್ದ ಹಾಗೆ ಬ್ರೇಕುಗಳಿವೆ. ಈ ವೈರಸ್ ಒಳಹೊಕ್ಕು ಇ6, ಇ7 ಎಂಬ ಎರಡು ಪ್ರೋಟೀನುಗಳನ್ನು ತಯಾರಿಸಿ ಆ ಬ್ರೇಕುಗಳನ್ನೇ ಕೆಡಿಸುತ್ತದೆ. ಬ್ರೇಕು ಹೋದ ಜೀವಕೋಶ ಅಡ್ಡಾದಿಡ್ಡಿ ಬೆಳೆಯುತ್ತದೆ. ಆದರೆ ಇದು ಒಂದೆರಡು ದಿನದ ಕೆಲಸವಲ್ಲ. ವೈರಸ್ ಹೊಕ್ಕು ಕ್ಯಾನ್ಸರ್ ಆಗುವುದಕ್ಕೆ ಹತ್ತು, ಇಪ್ಪತ್ತು, ಮೂವತ್ತು ವರ್ಷವೂ ಹಿಡಿಯಬಹುದು. ಹೊಕ್ಕವರಿಗೆಲ್ಲ ಆಗುವುದೂ ಇಲ್ಲ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಓಡಿಸಿಬಿಡುತ್ತದೆ.

ಈಗ ಮುಖ್ಯ ಪ್ರಶ್ನೆ: ಇದು ಹೇಗೆ ಹರಡುತ್ತದೆ? ತಾಯಂದಿರು ಇದ್ದೀರಿ, ಸಂಕೋಚವಾದರೂ ಹೇಳಲೇಬೇಕು. ಗಂಡು ಹೆಣ್ಣಿನ ದೇಹ ಸಂಪರ್ಕದಿಂದ, ಬಾಯಿಯ ಮೂಲಕದ ಸಂಪರ್ಕದಿಂದಲೂ ಹರಡುತ್ತದೆ. ಹಾಗಂತ ಯಾರ ನಡತೆಯನ್ನೂ ಆಡಿಕೊಳ್ಳಬೇಡಿ. ಸಂಸಾರಸ್ಥರಲ್ಲಿ ಬಹುಪಾಲು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಗೊತ್ತಿಲ್ಲದೆ ಬಂದುಹೋಗುವ ವೈರಸ್ ಇದು. ಯಾವಾಗ ಬಂತು, ಯಾರಿಂದ ಬಂತು ಎಂದು ಹೇಳುವುದಕ್ಕೂ ಆಗುವುದಿಲ್ಲ. ಲೋಟದಿಂದ, ತಟ್ಟೆಯಿಂದ, ಪಕ್ಕದಲ್ಲಿ ಕೂತರೆ, ಕೈ ಕುಲುಕಿದರೆ ಗಂಟಲ ಕ್ಯಾನ್ಸರ್ ಬರುವುದಿಲ್ಲ. ಹಾಲಿನಿಂದಂತೂ ಇಲ್ಲವೇ ಇಲ್ಲ. ಕ್ಯಾನ್ಸರ್ ಗಡ್ಡೆ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ರೋಗಿಯನ್ನು ಹೆಂಡತಿ ಮಕ್ಕಳು ದೂರ ಇಡಬೇಕಾದ್ದೂ ಇಲ್ಲ.

ದನ ಸಾಕುವ ನಮಗೆ ಇದು ಹೊಸದೂ ಅಲ್ಲ. ಕರುಗಳ ಮುಖ, ಕತ್ತಿನ ಮೇಲೆ ನರಹುಲಿ ಏಳುವುದನ್ನು ನೋಡಿದ್ದೇವೆ. ಅದೂ ದನಗಳದ್ದೇ ಆದ ಪ್ಯಾಪಿಲೋಮಾ ವೈರಸ್, ಮನುಷ್ಯರದ್ದು ಬೇರೆ. ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಮೇಯುವ ದನಗಳಿಗೆ ಗಂಟಲು, ಅನ್ನನಾಳದ ಕ್ಯಾನ್ಸರ್ ಯಾಕೆ ಬರುತ್ತದೆ ಎಂದು ವಿಲಿಯಂ ಜಾರೆಟ್ ಎಂಬ ಪಶುವೈದ್ಯ ವಿಜ್ಞಾನಿ ಹುಡುಕಿ 1978ರಲ್ಲಿ ಪ್ರಕಟಿಸಿದರು. ವೈರಸ್ಸಿನಿಂದ ಒಳಗೆ ನರಹುಲಿ ಎದ್ದಿತ್ತು, ಮೇಲಿಂದ ದನಗಳು ಒಂದು ಜಾತಿಯ ವಿಷದ ಜರೀಗಿಡ ಮೇಯುತ್ತಿದ್ದವು. ಎರಡೂ ಸೇರಿದಾಗ ನರಹುಲಿ ಕ್ಯಾನ್ಸರಿಗೆ ತಿರುಗುತ್ತಿತ್ತು.

ಈ ಮಾತು ಯಾಕೆ ಹೇಳಿದೆವೆಂದರೆ, ನಮ್ಮ ಜನರೂ ವಿಷದ ಸೊಪ್ಪು ಮೇಯುತ್ತಿದ್ದಾರೆ. ಅಮೆರಿಕದಲ್ಲಿ ಗಂಟಲಿನ ಹಿಂಭಾಗದ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 70ಕ್ಕೆ ಎಚ್.ಪಿ.ವಿ. ಕಾರಣ ಎನ್ನುತ್ತಾರೆ. ನಮ್ಮ ದೇಶದಲ್ಲಿ ಹಾಗಲ್ಲ. ಇಲ್ಲಿ ಬಾಯಿ, ಗಂಟಲ ಕ್ಯಾನ್ಸರಿಗೆ ಮೊದಲ ಕಾರಣ ಇವತ್ತಿಗೂ ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ಬೀಡಿ, ಅಡಿಕೆ ಮತ್ತು ಸಾರಾಯಿ. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ತೊಗೊಂಡು ಅಂಗೈಯಲ್ಲಿ ಬೆರೆಸುವುದನ್ನು ನಾವು ಕಲಿತೆವು! ವೈರಸ್ಸಿನಿಂದ ಬಂದ ಗಂಟಲ ಕ್ಯಾನ್ಸರ್ ಸಾಮಾನ್ಯವಾಗಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಆದರೆ ರೋಗಿ ಧೂಮಪಾನಿಯಾಗಿದ್ದರೆ ಆ ಅನುಕೂಲವೂ ಕಡಿಮೆಯಾಗುತ್ತದೆ. ಆದ್ದರಿಂದ "ಎಲ್ಲಾ ವೈರಸ್ಸಿಂದಂತೆ, ನಾನು ಯಾಕೆ ಬೀಡಿ ಬಿಡಲಿ" ಅನ್ನುವ ವಾದ ಬೇಡ.

ಇನ್ನು ತಡೆಯುವ ದಾರಿ. ವೈರಸ್ ಒಳಹೊಗುವ ಮುಂಚೆಯೇ ಕೊಟ್ಟರೆ ತಡೆಯುವ ಲಸಿಕೆ ಇದೆ. ಹೊಕ್ಕ ವೈರಸ್ಸನ್ನು ಅದು ಓಡಿಸುವುದಿಲ್ಲ. ಅದಕ್ಕೇ 9ರಿಂದ 14 ವರ್ಷದೊಳಗೆ ಕೊಡುವುದು ಒಳ್ಳೆಯದು. ಪುಣೆಯ ಸೀರಮ್ ಸಂಸ್ಥೆ ನಮ್ಮ ದೇಶದ್ದೇ ಲಸಿಕೆಯನ್ನು ಹೊರತಂದಿದೆ. 12-13ನೇ ವಯಸ್ಸಿನಲ್ಲಿ ಲಸಿಕೆ ಪಡೆದ ಸ್ಕಾಟ್ಲೆಂಡಿನ ಹುಡುಗಿಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಒಂದೂ ಕಂಡುಬಂದಿಲ್ಲ ಎಂದು 2024ರಲ್ಲಿ ವರದಿಯಾಗಿದೆ. ಇದೇ ಜಾತಿಯ ಒಂದು ಲಸಿಕೆಗೆ ಅಮೆರಿಕ ಸರ್ಕಾರ 2020ರಲ್ಲಿ ಗಂಟಲ ಕ್ಯಾನ್ಸರ್ ತಡೆಗೂ ಒಪ್ಪಿಗೆ ಕೊಟ್ಟಿದೆ. ಗಂಡುಮಕ್ಕಳಿಗೂ ಕೊಡಿಸಬಹುದು. ಕಾಲುಬಾಯಿ ಜ್ವರ ಬರದಿರಲಿ ಅಂತ ವರ್ಷಕ್ಕೆ ಎರಡು ಸಲ ದನಗಳನ್ನು ಹೊಡೆದುಕೊಂಡು ಬಂದು ಸಾಲಾಗಿ ನಿಲ್ಲಿಸಿ ಚುಚ್ಚಿಸುತ್ತೇವೆ. ನಮ್ಮ ಮಕ್ಕಳ ವಿಷಯದಲ್ಲೂ ಆ ಕಾಳಜಿ ಇರಲಿ. ಆಶಾ ಕಾರ್ಯಕರ್ತೆಯರನ್ನು, ಆರೋಗ್ಯ ಕೇಂದ್ರದ ಡಾಕ್ಟರನ್ನು ಕೇಳಿ.

ಕುತ್ತಿಗೆಯಲ್ಲಿ ನೋವಿಲ್ಲದ ಗಂಟು, ವಾಸಿಯಾಗದ ಗಂಟಲು ನೋವು, ನುಂಗಲು ತೊಂದರೆ, ಒಂದೇ ಕಡೆ ಕಿವಿನೋವು, ದನಿ ಒಡೆಯುವುದು, ಉಗುಳಿನಲ್ಲಿ ರಕ್ತ, ಇವು ಮೂರು ವಾರ ದಾಟಿದರೆ ಪಟ್ಟು ಹಾಕುತ್ತಾ ಕೂರಬೇಡಿ. ಕಿವಿ, ಮೂಗು, ಗಂಟಲಿನ ಡಾಕ್ಟರಿಗೆ ತೋರಿಸಿ. ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಕಾರ್ಡು ಮಾಡಿಸಿ ಇಟ್ಟುಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆ ನಮ್ಮ ರಾಜ್ಯದಲ್ಲೇ ಇದೆ.

ಕಡೆಯ ಮಾತು. ಡಾಕ್ಟರನ್ನು ಕಂಡು ಬಂದ ಸಂಜೆಯೇ ಅಧ್ಯಕ್ಷರು ಮತ್ತು ನಾವು ಆ ಸದಸ್ಯರ ಮನೆಗೆ ಹೋದೆವು. ಕರೆಂಟು ಕೊಡಿಸಿಕೊಂಡು ಬಂದಿದ್ದ ಅವರಿಗೆ ಆಗ ಮುದ್ದೆ ನುಂಗಲಾಗದೆ ಗಂಜಿಯೇ ಗತಿಯಾಗಿತ್ತು. ತಪ್ಪಾಯಿತು ಎಂದು ಕೇಳಿಕೊಂಡು, ಅವರ ಮನೆಯ ಲೋಟದಲ್ಲೇ ಕಾಫಿ ಕುಡಿದು ಬಂದೆವು. ಮಾರನೆಯ ಬೆಳಗ್ಗೆ ಅವರ ಹಾಲು ನಮ್ಮ ಡೈರಿಗೆ ಬಂತು, ಎಲ್ಲರ ಹಾಲಿನ ಜೊತೆ ಒಂದೇ ಕ್ಯಾನಿಗೆ ಬಿತ್ತು. ಈಗ ಅವರು ಮುದ್ದೆ ಉಣ್ಣುತ್ತಾರೆ, ತಾವೇ ಬಂದು ಹಾಲು ಹಾಕುತ್ತಾರೆ.

ಎಲ್ಲರಿಗಾಗಿ ಒಬ್ಬ, ಒಬ್ಬನಿಗಾಗಿ ಎಲ್ಲರೂ ಎನ್ನುವುದು ಸಹಕಾರ ತತ್ವ. ಕಾಯಿಲೆ ಬಂದಾಗ ಅದನ್ನು ಮರೆತರೆ ಇಪ್ಪತ್ತೈದು ವರ್ಷ ಸಂಘ ನಡೆಸಿ ಏನು ಬಂತು?