ವಾದಪತ್ರವನ್ನು ಬರೆಯುವ ಕ್ರಮ



ಎರಡು ಅಭಿಪ್ರಾಯಗಳಿಗೆ ಎಡೆಯಿರುವ ವಿಷಯದಲ್ಲಿ ನಮ್ಮ ಪಕ್ಷ ಯಾವುದೆಂಬುದನ್ನು ಕಾರಣಸಹಿತವಾಗಿ ಬರೆದು, ತೀರ್ಮಾನ ಮಾಡತಕ್ಕವರ ಮುಂದಿಡುವ ಲೇಖನವನ್ನು ನಾವು ಈ ಹೊತ್ತು ವಾದಪತ್ರವೆಂದು ಕರೆಯೋಣ. ಊರಿಗೆ ಶಾಲೆ ಬೇಕೆಂಬ ಅರ್ಜಿ ವಾದಪತ್ರವಲ್ಲ; ಶಾಲೆ ಬೇಡವೆನ್ನುವವರು ವಿರಳ. ಆದರೆ ಕೈಯಲ್ಲಿರುವ ಹಣದಿಂದ ಮೊದಲು ಶಾಲೆಯನ್ನು ಕಟ್ಟಿಸಬೇಕೋ ಕೆರೆಯ ತೂಬನ್ನು ದುರಸ್ತಿಮಾಡಿಸಬೇಕೋ ಎಂದು ಕೇಳಿದೊಡನೆ ಊರು ಎರಡಾಗುತ್ತದೆ. ವಾದಪತ್ರಕ್ಕೆ ಕೆಲಸವಿರುವುದು ಅಲ್ಲಿ.

ಬರೆದುದೆಲ್ಲವೂ ಓದುವವರ ಮನಸ್ಸನ್ನು ಮುಟ್ಟುವುದಿಲ್ಲ. ಇದಕ್ಕೆ ದೊಡ್ಡದೊಂದು ನಿದರ್ಶನವುಂಟು. ಭಾರತದ ರಾಜ್ಯಗಳ ಪುನರ್ವಿಂಗಡಣೆಯನ್ನು ಕುರಿತು ವಿಚಾರಮಾಡಲು 1953ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಒಂದು ಆಯೋಗವು ನೇಮಕವಾಯಿತು. ಫಜಲ್ ಅಲಿಯವರು ಅದರ ಅಧ್ಯಕ್ಷರು. ಹೃದಯನಾಥ ಕುಂಜ್ರು ಅವರೂ ಕೆ. ಎಂ. ಪಣಿಕ್ಕರ್ ಅವರೂ ಸದಸ್ಯರು. ಆ ಮೂವರ ಮುಂದೆ ಬಂದು ಬಿದ್ದ ಕಾಗದಪತ್ರಗಳ ಸಂಖ್ಯೆ 1,52,250. ಚೆನ್ನಾಗಿ ಆಲೋಚಿಸಿ ಬರೆದ ಮನವಿಗಳು ಅವುಗಳಲ್ಲಿ ಸುಮಾರು 2,000ಕ್ಕೆ ಮೀರಲಿಲ್ಲವೆಂದು ಆಯೋಗವೇ 1955ರ ತನ್ನ ವರದಿಯಲ್ಲಿ ಹೇಳಿತು. ಎಂದರೆ, ಎಪ್ಪತ್ತಾರು ಕಾಗದಗಳಿಗೆ ಒಂದು! ಉಳಿದವುಗಳಲ್ಲಿ ಬಹುಭಾಗವು ನಮಗೆ ಇದು ಬೇಕು ಎಂದಷ್ಟೇ ಸಾರುವ ನಿರ್ಣಯಗಳು. ಬೇಕೆಂಬುದನ್ನು ಎಲ್ಲರೂ ಬರೆದರು. ಏಕೆ ಬೇಕೆಂಬುದನ್ನೂ, ಬೇಡವೆನ್ನುವವರಿಗೆ ಉತ್ತರವೇನೆಂಬುದನ್ನೂ ಕೆಲವರು ಮಾತ್ರವೇ ಬರೆದರು.

ಈ ಕೆಲವರ ಸಾಲಿಗೆ ಸೇರುವ ಮಾರ್ಗ ನಮ್ಮ ದೇಶಕ್ಕೆ ಹೊಸದಲ್ಲ. ಮೀಮಾಂಸಕರು ಒಂದೊಂದು ವಿಚಾರಕ್ಕೂ ಐದು ಅಂಗಗಳನ್ನು ಹೇಳಿದ್ದಾರೆ: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಇವನ್ನು ನಮ್ಮ ಕಾರ್ಯಕ್ಕೆ ತಕ್ಕಂತೆ ಅಳವಡಿಸಿಕೊಂಡು, ಅದೇ ಕಾಲದ ಬಳ್ಳಾರಿಯ ವಿವಾದಕ್ಕೆ ಅನ್ವಯಿಸಿ ನೋಡೋಣ. 1953ನೆಯ ಇಸವಿ ಅಕ್ಟೋಬರ್ 1ರಂದು ಆಂಧ್ರರಾಜ್ಯವು ಏರ್ಪಟ್ಟಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದುವು; ಉಳಿದವು ಮೈಸೂರಿಗೆ ಬಂದುವು. ಎರಡು ವರ್ಷಗಳ ಮೇಲೆ ಆಯೋಗವು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನೂ ಆಂಧ್ರಕ್ಕೆ ಸೇರಿಸಬೇಕೆಂದು ಸಲಹೆಮಾಡಿತು. ಇದನ್ನು ಒಪ್ಪದ ಮೈಸೂರಿನವನೊಬ್ಬನು ವಾದಪತ್ರವನ್ನು ಬರೆಯಲು ಕುಳಿತನೆಂದು ಭಾವಿಸೋಣ.

ಮೊದಲನೆಯದು ವಿಷಯ. ಈ ಮೂರು ತಾಲ್ಲೂಕುಗಳು ಯಾವ ರಾಜ್ಯದಲ್ಲಿರತಕ್ಕವು ಎಂಬುದಿಷ್ಟೇ ಇಲ್ಲಿ ವಿಷಯ. ಕನ್ನಡದ ಪ್ರಾಚೀನತೆ, ವಿಜಯನಗರದ ವೈಭವ ಇವು ಎಷ್ಟು ದೊಡ್ಡವಾದರೂ ವಿಷಯವಲ್ಲ. ವಿಷಯವನ್ನು ಒಂದು ವಾಕ್ಯದಲ್ಲಿ ಹೇಳಲಾರದವನು ಮುಂದಿನ ಪುಟವನ್ನು ಬರೆಯಬಾರದು.

ಎರಡನೆಯದು ಸಂಶಯ. ವಿವೇಕಿಗಳು ಇದರಲ್ಲಿ ಭಿನ್ನಾಭಿಪ್ರಾಯ ತಾಳಿದುದೇಕೆ? ಬಳ್ಳಾರಿ ಪಟ್ಟಣದಲ್ಲಿ ಭಾಷೆಗಳು ಬೆರೆತಿವೆ; ತುಂಗಭದ್ರೆಯ ಅಣೆಕಟ್ಟು ಒಂದೆಡೆ, ಅದರ ನೀರನ್ನು ನೆಚ್ಚಿದ ಹೊಲಗಳು ಎರಡು ಕಡೆ. ಇದನ್ನು ಒಪ್ಪಿಕೊಂಡ ಮಾತ್ರಕ್ಕೆ ನಮ್ಮ ಪಕ್ಷವು ದುರ್ಬಲವಾಗುವುದಿಲ್ಲ.

ಮೂರನೆಯದಾದ ಪೂರ್ವಪಕ್ಷವೇ ವಾದಪತ್ರದ ಪ್ರಾಣ. ಬಹುಮಂದಿ ಎದುರಾಳಿಯ ವಾದಗಳಲ್ಲಿ ಅತ್ಯಂತ ಸೊರಗಿದ ಒಂದನ್ನು ಆರಿಸಿ, ಅದನ್ನು ಕೆಡವಿ ಗೆದ್ದೆವೆಂದುಕೊಳ್ಳುತ್ತಾರೆ. ತೀರ್ಪು ಹೇಳುವವರಿಗೆ ಬಲವಾದ ವಾದವು ತಿಳಿದೇ ಇರುತ್ತದೆ. ನಮ್ಮ ಮೌನವನ್ನು ಅವರು ಸೋಲೆಂದು ಎಣಿಸುತ್ತಾರೆ. ಆದಕಾರಣ ನಮ್ಮ ಲೇಖಕನು ಹೀಗೆ ಬರೆಯಬೇಕು: ರಾಯಲಸೀಮೆ ಕ್ಷಾಮಕ್ಕೆ ಮತ್ತೆ ಮತ್ತೆ ಗುರಿಯಾದ ನಾಡು. ಅಲ್ಲಿನ ರೈತನು ತುಂಗಭದ್ರೆಯ ನಾಲೆಯನ್ನು ನಂಬಿದ್ದಾನೆ. ನಾಲೆಯ ತಲೆಗಟ್ಟು ಮತ್ತೊಂದು ರಾಜ್ಯದ ಕೈಯಲ್ಲಿದ್ದರೆ ಮಳೆ ತಪ್ಪಿದ ವರ್ಷ ತನ್ನ ಗತಿಯೇನೆಂದು ಅವನು ಅಂಜುವುದು ಸಹಜ. ಇದನ್ನು ಓದಿದ ಆಂಧ್ರದ ಮಿತ್ರನು, ನನ್ನ ಮಾತನ್ನು ನನಗಿಂತ ಚೆನ್ನಾಗಿ ಹೇಳಿದ್ದಾನೆ ಎನ್ನಬೇಕು.

ನಾಲ್ಕನೆಯದು ಸಿದ್ಧಾಂತ. ಅಂಜಿಕೆ ನಿಜವಾದರೆ ಅದಕ್ಕೆ ಪರಿಹಾರವನ್ನು ತೋರಿಸಬೇಕು. ನೀರಿನ ಹಂಚಿಕೆ ಬೇರೆ, ನೆಲದ ಆಡಳಿತ ಬೇರೆ. ಎರಡು ರಾಜ್ಯಗಳಿಗೂ ಸಂಬಂಧಪಟ್ಟ ಅಣೆಕಟ್ಟಿನ ಕಾರ್ಯಕ್ಕಾಗಿ ತುಂಗಭದ್ರಾ ಮಂಡಲಿಯು 1953ರಲ್ಲಿಯೇ ಏರ್ಪಟ್ಟಿತ್ತು. ಮಂಡಲಿಯ ಕೈ ಬಲವಾದರೆ ರೈತನಿಗೆ ನೀರು ದೊರೆಯುತ್ತದೆ. ಅದಕ್ಕಾಗಿ ಹೊಸಪೇಟೆಯ ಜನರು ರಾಜ್ಯವನ್ನು ಬದಲಾಯಿಸಬೇಕಾಗಿಲ್ಲ. ಇಷ್ಟನ್ನು ಸ್ಥಾಪಿಸಿದ ಬಳಿಕ ಜನಗಣತಿಯ ಅಂಕಿಗಳು ಬರಲಿ. ಪ್ರತಿಯೊಂದು ಅಂಕಿಗೂ ವರ್ಷವೂ ಮೂಲವೂ ಕೂಡಿರಲಿ. ವಿಶೇಷಣಗಳನ್ನು ಹೊಡೆದುಹಾಕಿದರೂ ವಾದವು ನಿಲ್ಲುವುದಾದರೆ ಅದು ನಿಜವಾದ ವಾದ.

ಐದನೆಯದು ಸಂಗತಿ. ನಾವು ಯಾರನ್ನು, ಏನನ್ನು ಕೇಳುತ್ತೇವೆಂಬುದು ಕೊನೆಯಲ್ಲಿ ಸ್ಪಷ್ಟವಾಗಬೇಕು. ನ್ಯಾಯ ದೊರಕಿಸಿರಿ ಎಂದರೆ ಸಾಲದು. ಎಲ್ಲೆಯು ಇದ್ದಂತೆಯೇ ಇರಲಿ, ಅಣೆಕಟ್ಟು ಮಂಡಲಿಯ ಕೈಯಲ್ಲಿರಲಿ ಎಂದರೆ ಓದಿದವರು ಮಾಡಬಹುದಾದ ಕಾರ್ಯವೊಂದು ಕಾಣುತ್ತದೆ.

ಕಡೆಗೆ ಆಯೋಗದ ಆ ಸಲಹೆಯನ್ನು ಕೈಬಿಡಲಾಯಿತು. 1956ನೆಯ ಇಸವಿ ನವೆಂಬರ್ 1ರಂದು ರೂಪುಗೊಂಡ ವಿಶಾಲ ಮೈಸೂರಿನಲ್ಲಿಯೇ ಆ ಮೂರು ತಾಲ್ಲೂಕುಗಳು ಉಳಿದುವು; ತುಂಗಭದ್ರಾ ಮಂಡಲಿಯು ಇಂದಿಗೂ ಕೆಲಸಮಾಡುತ್ತಿದೆ. ಇದು ಯಾವುದೋ ಒಂದು ಪತ್ರದ ಫಲವೆಂದು ನಾವು ಹೇಳುತ್ತಿಲ್ಲ. ಆದರೆ ನೆಲ ಮೈಸೂರಿನದು, ಅಣೆಕಟ್ಟಿನ ನಿರ್ವಹಣೆ ಮಂಡಲಿಯದು ಎಂಬ ಏರ್ಪಾಡು ನಡೆಯತಕ್ಕದ್ದೆಂಬುದನ್ನು ಕಾಲವೇ ತೋರಿಸಿತು.

ಕೊನೆಯದಾಗಿ ಒಂದು ಬಿನ್ನಹ. ಪತ್ರವನ್ನು ಕಳುಹಿಸುವ ಮುನ್ನ ಅದನ್ನು ನಮ್ಮವರಿಗೆ ಓದಿ ಹೇಳಿ ಹೊಗಳಿಕೆಯನ್ನು ಪಡೆಯುವುದು ಸುಲಭ. ಎದುರು ಪಕ್ಷದ ಸಜ್ಜನರೊಬ್ಬರ ಕೈಗೆ ಅದನ್ನು ಕೊಟ್ಟು, ತಮ್ಮ ಮಾತನ್ನು ನಾವು ಸರಿಯಾಗಿ ಹೇಳಿದ್ದೇವೆಯೇ ಎಂದು ಕೇಳುವುದು ಕಷ್ಟ. ಆ ಕಷ್ಟವನ್ನು ಪಟ್ಟವನ ಪತ್ರವು ಎಪ್ಪತ್ತಾರರಲ್ಲಿ ಒಂದಾಗುತ್ತದೆ. ಒಂದುವೇಳೆ ಆ ಸಜ್ಜನರ ಉತ್ತರವನ್ನು ಕೇಳಿ ನಮ್ಮ ಅಭಿಪ್ರಾಯವೇ ಬದಲಾದರೆ, ಅದೂ ನಷ್ಟವಲ್ಲ. ತಪ್ಪು ಪಕ್ಷವನ್ನು ಊರಿನ ಮೇಲೆ ಹೊರಿಸುವ ಪಾಪದಿಂದ ನಾವು ಪಾರಾದೆವು.