ಎಲುಬು, ಬಿಸಿಲು ಮತ್ತು ಸಕ್ಕರೆ

(ಶತಮಾನೋತ್ಸವದ ಆರೋಗ್ಯಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ರೋಗದ ಮಾತೇಕೆ ಎಂದು ಕೆಲವರಿಗೆ ಅನ್ನಿಸೀತು. ಆದರೆ ಸೊಲ್ಲಾಪುರ ಸೀಮೆಯ ನಮ್ಮ ಮನೆಗಳಲ್ಲಿ ಇಂದು ಎರಡು ಮಾತುಗಳು ಮೇಲಿಂದ ಮೇಲೆ ಕೇಳಿಬರುತ್ತವೆ. 'ಎಲುಬು ನೋಯುತ್ತದೆ, ವಿಟಮಿನ್ ಡಿ ಕಡಿಮೆಯಂತೆ' ಎಂಬುದೊಂದು. 'ಸಕ್ಕರೆ ಗಡಿಯಲ್ಲಿದೆಯಂತೆ' ಎಂಬುದಿನ್ನೊಂದು. ಇವೆರಡಕ್ಕೂ ನಂಟುಂಟೇ ಎಂಬುದೇ ನನ್ನ ವಿಷಯ.

ಬೆಳಗಿನ ಬರಿಹೊಟ್ಟೆಯ ರಕ್ತದಲ್ಲಿ, ಪ್ರತಿ ಡೆಸಿಲೀಟರಿಗೆ 100ರಿಂದ 125 ಮಿಲಿಗ್ರಾಂ ಸಕ್ಕರೆಯಿದ್ದರೆ ಅದನ್ನು ಪೂರ್ವಮಧುಮೇಹವೆನ್ನುವ ರೂಢಿಯಿದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 13 ಕೋಟಿ 60 ಲಕ್ಷ ಜನ ಈ ಸ್ಥಿತಿಯಲ್ಲಿದ್ದಾರೆ. ಗಡಿನಾಡಿನವರಾದ ನಮಗೆ ಗಡಿಯ ಅರ್ಥ ಚೆನ್ನಾಗಿ ಗೊತ್ತು: ಅಲ್ಲಿಂದ ಎರಡು ಕಡೆಗೂ ದಾರಿಯಿರುತ್ತದೆ. ಇಲ್ಲಿಂದ ಹಿಂದಿರುಗಲೂ ಸಾಧ್ಯ.

ಇನ್ನು ಎಲುಬಿನ ಸಂಗತಿ. ಎಲುಬು ಸದಾ ಹೊಸದಾಗುತ್ತಿರುವ ಜೀವಂತ ಅಂಗ. ಹಳೆಯ ಭಾಗವನ್ನು ಕೆಲವು ಜೀವಕೋಶಗಳು ಕರಗಿಸುತ್ತವೆ, ಹೊಸದನ್ನು ಕೆಲವು ಕಟ್ಟುತ್ತವೆ. ಈ ದುಡಿಮೆಯ ಗುರುತುಗಳು ರಕ್ತದಲ್ಲಿ ದೊರೆಯುತ್ತವೆ. ಆಸ್ಟಿಯೋಕ್ಯಾಲ್ಸಿನ್ ಎಂಬ ಪ್ರೋಟೀನು ಅವುಗಳಲ್ಲೊಂದು. ಟೈಪ್-2 ಮಧುಮೇಹಿಗಳಲ್ಲಿ ಇಂಥ ಸೂಚಕಗಳು ಸಾಮಾನ್ಯವಾಗಿ ತಗ್ಗಿರುತ್ತವೆ. ಸ್ಕ್ಯಾನಿನಲ್ಲಿ ಎಲುಬು ದಟ್ಟವಾಗಿ ಕಂಡರೂ ಅದು ಮುರಿಯುವ ಸಂಭವ ಅವರಲ್ಲಿ ಹೆಚ್ಚು.

2007ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಜೆರಾರ್ಡ್ ಕಾರ್ಸೆಂಟಿ ಅವರ ತಂಡ, ಆಸ್ಟಿಯೋಕ್ಯಾಲ್ಸಿನ್ ಇಲಿಗಳಲ್ಲಿ ಇನ್ಸುಲಿನ್ನನ್ನು ಹೆಚ್ಚಿಸುತ್ತದೆಂದು ತೋರಿಸಿತು. ಎಲುಬೇ ಸಕ್ಕರೆಯನ್ನು ಆಳುತ್ತದೆಯೇ ಎಂದು ಜಗತ್ತು ಬೆರಗಾಯಿತು. ಆದರೆ 2020ರಲ್ಲಿ ಬೇರೆ ಎರಡು ತಂಡಗಳು ಆ ಪ್ರೋಟೀನೇ ಇಲ್ಲದ ಇಲಿಗಳನ್ನು ಪರೀಕ್ಷಿಸಿದಾಗ ಸಕ್ಕರೆಯಲ್ಲಿ ಏರುಪೇರು ಕಾಣಲಿಲ್ಲ. ಆ ಚರ್ಚೆ ಇನ್ನೂ ಮುಗಿದಿಲ್ಲ.

ವಿಟಮಿನ್ ಡಿಯ ಕಥೆಯೂ ಹೀಗೆಯೇ. ಅದು ಕಡಿಮೆಯಿದ್ದವರಲ್ಲಿ ಮಧುಮೇಹ ಹೆಚ್ಚೆಂದು ಅನೇಕ ಅಧ್ಯಯನಗಳು ಹೇಳಿದ್ದವು. ಅಮೆರಿಕದಲ್ಲಿ ಪೂರ್ವಮಧುಮೇಹವಿದ್ದ 2,423 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನವೂ 4,000 ಯೂನಿಟ್ ವಿಟಮಿನ್ ಡಿ, ಇನ್ನೊಂದಕ್ಕೆ ಔಷಧವಿಲ್ಲದ ಗುಳಿಗೆ ಕೊಟ್ಟು ಸುಮಾರು ಎರಡೂವರೆ ವರ್ಷ ಗಮನಿಸಿದರು. 2019ರಲ್ಲಿ ಫಲಿತಾಂಶ ಬಂತು: ಮೊದಲ ಗುಂಪಿನಲ್ಲಿ 293, ಎರಡನೆಯದರಲ್ಲಿ 323 ಜನ ಮಧುಮೇಹಿಗಳಾಗಿದ್ದರು. ಗುಳಿಗೆಯಿಂದಲೇ ಲಾಭವಾಯಿತೆಂದು ಖಚಿತವಾಗಿ ಹೇಳಲು ಈ ಅಂತರ ಸಾಲದು.

ಹಾಗಾದರೆ ಇವೆರಡೂ ಜೊತೆಯಾಗಿ ಕಾಣುವುದೇಕೆ? ನಮ್ಮೂರಿನ ಬಿಸಿಲಿಗೆ ಬರವಿಲ್ಲ. ಆದರೆ ಮಗ್ಗದ ಶೆಡ್ಡಿನಲ್ಲಿ ದಿನವಿಡೀ ನಿಲ್ಲುವವನಿಗೆ, ಮನೆಯೊಳಗೆ ಕುಳಿತು ಬೀಡಿ ಕಟ್ಟುವ ತಾಯಿಗೆ, ಶಾಲೆ ಬಿಟ್ಟೊಡನೆ ಟ್ಯೂಷನ್ನಿಗೆ ಓಡುವ ಮಗುವಿಗೆ ಆ ಬಿಸಿಲು ದಕ್ಕುವುದಿಲ್ಲ. ದೇಹಕ್ಕೆ ಸಾಕಷ್ಟು ಚಲನೆಯೂ ಸಿಗುವುದಿಲ್ಲ. ಹೊಟ್ಟೆಯ ಸುತ್ತ ಕೊಬ್ಬು ಕೂಡಿದಂತೆ ರಕ್ತದಲ್ಲಿ ವಿಟಮಿನ್ ಡಿ ತಗ್ಗುತ್ತದೆ, ಸಕ್ಕರೆ ಏರುತ್ತದೆ. ಎರಡು ದೂರುಗಳ ಬೇರು ಬಹುಮಟ್ಟಿಗೆ ಒಂದೇ.

ಪರಿಹಾರದ ಸಾಕ್ಷಿ ನಮ್ಮ ದೇಶದಲ್ಲೇ ಇದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಡಿಗೆ ಮತ್ತು ಆಹಾರದ ಹಿಡಿತದಿಂದಲೇ ಮಧುಮೇಹದ ಸಂಭವ ಶೇಕಡ 28.5ರಷ್ಟು ತಗ್ಗಿತು.

ಆದುದರಿಂದ ನನ್ನ ವಿನಂತಿಗಳು ಮೂರು. ವಿಟಮಿನ್ ಡಿಯ ಕೊರತೆಯಿದ್ದರೆ ಎಲುಬಿಗಾಗಿ ವೈದ್ಯರು ಹೇಳಿದಷ್ಟೇ ಔಷಧ ತೆಗೆದುಕೊಳ್ಳಿರಿ. ಅತಿಯಾದರೆ ಮೂತ್ರಪಿಂಡಕ್ಕೆ ಕೇಡು. ಮನೆಯಲ್ಲಿ ಮಧುಮೇಹಿಗಳಿದ್ದರೆ ಉಳಿದ ಹಿರಿಯರೂ ಬರಿಹೊಟ್ಟೆಯ ಪರೀಕ್ಷೆ ಮಾಡಿಸಿಕೊಳ್ಳಿರಿ. ಮೂರನೆಯದು ಗುರುಗಳಲ್ಲಿ: ಎಲುಬಿನ ಬಂಡವಾಳದ ಬಹುಭಾಗ ಇಪ್ಪತ್ತರ ವಯಸ್ಸಿನೊಳಗೇ ಕೂಡುತ್ತದೆ. ಪರೀಕ್ಷೆ ಹತ್ತಿರ ಬಂದಿತೆಂದು ಆಟದ ತಾಸನ್ನು ಗಣಿತಕ್ಕೆ ಕೊಡಬೇಡಿರಿ. ಪಾಲಕರು ಅಂಕಪಟ್ಟಿ ಕೇಳುವಂತೆಯೇ 'ಈ ವಾರ ಮಕ್ಕಳು ಎಷ್ಟು ತಾಸು ಆಡಿದರು?' ಎಂದೂ ಕೇಳಲಿ.